ಗಾಡಿ ನಿಂತಾಗ ಇಂಜಿನ್ ನಡುಕ: ಮೌಂಟ್ ಬದಲಿಸಿದ ಮೇಲೆ ಇನ್ನೂ ಜಾಸ್ತಿಯಾಗಿದೆ

ರಸ್ತೆಗಣ್ಣು:
ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ತಲೆ ತಿನ್ನುತ್ತಿರುವ ವಿಷಯ, ಸ್ವಲ್ಪ ಉದ್ದವಿದೆ, ದಯವಿಟ್ಟು ಓದಿ.

ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು, ಆಟೋಮ್ಯಾಟಿಕ್ ಗೇರ್. 9 ವರ್ಷ ಹಳೆಯದು, 92,000 ಕಿ.ಮೀ. ಓಡಿದೆ. ಓಡುವಾಗ ಏನೂ ತೊಂದರೆ ಇಲ್ಲ. ಸಿಗ್ನಲ್‌ನಲ್ಲಿ ಡಿ (ಮುಂದೆ ಓಡುವ) ಗೇರಿನಲ್ಲೇ ಬ್ರೇಕ್ ಒತ್ತಿ ನಿಂತರೆ ಸ್ಟೀರಿಂಗ್ ಅದುರುತ್ತೆ, ಸೀಟಿನ ಕೆಳಗಿಂದ ಆಗಾಗ ಯಾರೋ ಮೆಲ್ಲಗೆ ಗುದ್ದಿದ ಹಾಗಾಗುತ್ತೆ. ಎಸಿ ಹಾಕಿದರೆ ಇನ್ನೂ ಜಾಸ್ತಿ. ಚೆಕ್ ಇಂಜಿನ್ ಲೈಟ್ ಉರಿದಿಲ್ಲ.

ಗ್ಯಾರೇಜಿನಲ್ಲಿ ತೋರಿಸಿದೆ. ಬಾನೆಟ್ ಎತ್ತಿ ನೋಡಿದವರೇ "ಮೌಂಟ್ ಹೋಗಿದೆ" ಅಂದರು, ಇಂಜಿನ್ನನ್ನು ಗಾಡಿಗೆ ಹಿಡಿದಿರುವ ರಬ್ಬರ್ ಹಿಡಿಕೆ. ಬಲಗಡೆಯ ಇಂಜಿನ್ ಮೌಂಟ್ ಬದಲಿಸಿದರು. ಮನೆಗೆ ಬರುವಷ್ಟರಲ್ಲೇ ಗೊತ್ತಾಯಿತು, ಮೊದಲಿದ್ದ ಗುದ್ದು ಹಾಗೇ ಇದೆ, ಅದರ ಮೇಲೆ ಈಗ ಒಂದು ಝುಂ ಅನ್ನುವ ಕಂಪನ ಸೇರಿಕೊಂಡಿದೆ. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿಯ ಹೆಡ್‌ಲೈಟ್ ಎರಡೆರಡಾಗಿ ಕಾಣುತ್ತೆ. ಮತ್ತೆ ಹೋಗಿ ಕೇಳಿದರೆ ಉಳಿದ ಎರಡು ಮೌಂಟನ್ನೂ ಬದಲಿಸೋಣ ಅನ್ನುತ್ತಿದ್ದಾರೆ. ಬದಲಿಸಲೇ? ಅಥವಾ ಬೇರೆ ಏನಾದರೂ ನೋಡಬೇಕಾ?

ಟಾಪ್‌ಗೇರ್77:
ಕಿಡಿ ಹೊತ್ತಿಸುವ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಎರಡನ್ನೂ ಒಟ್ಟಿಗೆ ಬದಲಿಸಿಬಿಡಿ. 90 ಸಾವಿರ ದಾಟಿದೆ ಅಂದಮೇಲೆ ಅದೇ. ನನ್ನ ಗಾಡಿಯಲ್ಲೂ ಹೀಗೇ ಇತ್ತು, ನಾಲ್ಕೂ ಹೊಸದು ಹಾಕಿದ ದಿನವೇ ಸರಿಹೋಯಿತು.

ಗ್ರೀಸ್‌ಕೈ:
ಸದ್ಯ ಏನನ್ನೂ ಬದಲಿಸಬೇಡಿ. ಪ್ಲಗ್ಗೂ ಬೇಡ, ಮೌಂಟೂ ಬೇಡ. ನೀವು ಬರೆದದ್ದರಲ್ಲೇ ಒಂದು ಮುಖ್ಯ ಸುಳಿವು ಇದೆ: ಗುದ್ದು ಬೇರೆ, ಝುಂ ಬೇರೆ ಅಂತ ನೀವೇ ಹೇಳಿದ್ದೀರಿ. ಎಷ್ಟೋ ಜನ ಎರಡನ್ನೂ ವೈಬ್ರೇಶನ್ ಅನ್ನುವ ಒಂದೇ ಹೆಸರಲ್ಲಿ ಕರೆದು ಅಲ್ಲೇ ದಾರಿ ತಪ್ಪುತ್ತಾರೆ.

ಲೆಕ್ಕ ಹೀಗಿದೆ. ನಾಲ್ಕು ಸಿಲಿಂಡರಿನ ಇಂಜಿನ್‌ನಲ್ಲಿ ಕ್ರ್ಯಾಂಕ್ (ಇಂಜಿನ್ನಿನ ತಿರುಗುವ ಮುಖ್ಯ ದಂಡ) ಒಂದು ಸುತ್ತು ಬರುವಷ್ಟರಲ್ಲಿ ಎರಡು ಸಲ ಉರಿಯುತ್ತೆ. 700 ಆರ್‌ಪಿಎಂನಲ್ಲಿ (ನಿಮಿಷಕ್ಕೆ 700 ಸುತ್ತು) ಸೆಕೆಂಡಿಗೆ ಹೆಚ್ಚುಕಮ್ಮಿ 23 ಸಲ. ಇದು ಇಂಜಿನ್ನಿನ ಸಹಜ ಮಿಡಿತ, ಎಷ್ಟೇ ಆರೋಗ್ಯವಾಗಿದ್ದರೂ ಇದ್ದೇ ಇರುತ್ತೆ. ಇದನ್ನು ಬಾಡಿಗೆ (ಗಾಡಿಯ ಮೈಗೆ) ಮುಟ್ಟದ ಹಾಗೆ ತಡೆಯುವುದು ಮೌಂಟಿನ ರಬ್ಬರಿನ ಕೆಲಸ. ಅದು ಆಗದಿದ್ದಾಗ ನಿಮಗೆ ಝುಂ ಅನ್ನಿಸುತ್ತೆ. ಕೈಗೆ ಗೊತ್ತಾಗುತ್ತೆ, ಎಣಿಸಲು ಆಗುವುದಿಲ್ಲ.

ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ ಕಥೆಯೇ ಬೇರೆ. ಆ ಸಿಲಿಂಡರಿನ ಸರದಿ ಎರಡು ಸುತ್ತಿಗೊಮ್ಮೆ ಬರುತ್ತೆ, ಅಂದರೆ ಸೆಕೆಂಡಿಗೆ 6 ಸಲ. ಇಂಜಿನ್ ಕುಂಟುತ್ತಿದೆ ಅಂತ ಕಣ್ಣಿಗೇ ಕಾಣುತ್ತೆ. ಇನ್ನು ಯಾವ ಸಿಲಿಂಡರ್ ಅಂತಿಲ್ಲದೆ ಒಮ್ಮೆ ಇದು, ಒಮ್ಮೆ ಅದು ಮಿಸ್ ಹೊಡೆದರೆ ಲಯವೇ ಇರುವುದಿಲ್ಲ. ನೀವು ಬರೆದಿರುವ "ಆಗಾಗ ಗುದ್ದಿದ ಹಾಗೆ" ಅನ್ನುವುದು ಇದಕ್ಕೆ ಹತ್ತಿರ ಇದೆ. ಇದು ಇಂಜಿನ್ ಒಳಗಿನ ಸಮಸ್ಯೆ. ಮೌಂಟ್ ಎಷ್ಟು ಹೊಸದು ಹಾಕಿದರೂ ಇದು ಹೋಗುವುದಿಲ್ಲ.

ಹಾಗಾಗಿ ಮೊದಲು ಇಷ್ಟು ನೋಡಿ ಬರೆಯಿರಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎನ್ (ನ್ಯೂಟ್ರಲ್), ಡಿ, ಆರ್ (ರಿವರ್ಸ್) ಮೂರರಲ್ಲೂ ಬ್ರೇಕ್ ಒತ್ತಿ ನಿಂತು, ಗುದ್ದು ಯಾವುದರಲ್ಲಿದೆ, ಝುಂ ಯಾವುದರಲ್ಲಿದೆ ಅಂತ ಬೇರೆ ಬೇರೆ ಗಮನಿಸಿ. ಆರ್‌ಪಿಎಂ ಎಷ್ಟಿದೆ ಅಂತಲೂ ಬರೆದುಕೊಳ್ಳಿ. ಎನ್‌ನಲ್ಲಿ ಆಕ್ಸಿಲರೇಟರ್ ಒಂದು ಚೂರು ಒತ್ತಿ 1,000ಕ್ಕೆ ತಂದರೆ ಯಾವುದು ಮಾಯವಾಗುತ್ತೆ? ಸೈಲೆನ್ಸರಿನ ಹತ್ತಿರ ಕಿವಿಗೊಟ್ಟು ಕೇಳಿ, ಶಬ್ದ ಒಂದೇ ಸಮನೆ ಬರುತ್ತಾ, ನಡುನಡುವೆ ಪುಕ್ ಪುಕ್ ಅಂತ ತಪ್ಪುತ್ತಾ? ಸ್ಕ್ಯಾನರ್ ಸಿಕ್ಕರೆ ಇನ್ನೂ ಒಳ್ಳೆಯದು. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಹಾಕುವ ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ಸಾಕು. ಲೈಟ್ ಉರಿಯದಿದ್ದರೂ ಪೆಂಡಿಂಗ್ ಕೋಡ್ (ಇನ್ನೂ ಖಾತ್ರಿಯಾಗದ ದೋಷದ ಸಂಖ್ಯೆ) ಕೂತಿರಬಹುದು.

ಬಾನೆಟ್ ತೆರೆದು ಯಾರಾದರೂ ನೋಡುತ್ತಿರುವಾಗ ಡಿ ಗೇರಿಗೆ ಹಾಕಿದರೆ ಅವರು ಗಾಡಿಯ ಪಕ್ಕದಲ್ಲಿ ನಿಂತಿರಲಿ. ಮುಂದೆ ಯಾರೂ ನಿಲ್ಲಬಾರದು. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಅಡ್ಡ ಕೊಟ್ಟಿರಬೇಕು.

ಮೂರುಹೆಜ್ಜೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಮೂರು ಸಿಲಿಂಡರಿನ ಹೊಸ ಗಾಡಿ. ಮೊದಲ ದಿನದಿಂದಲೂ ಗಾಡಿ ನಿಂತು ಇಂಜಿನ್ ಓಡುತ್ತಿರುವಾಗ, ಅಂದರೆ ಐಡಲಿಂಗ್‌ನಲ್ಲಿ ಸ್ವಲ್ಪ ನಡುಕ ಇದೆ. ಇದಕ್ಕೂ ಇದೇ ಪರೀಕ್ಷೆ ಮಾಡಬೇಕಾ?

ಗ್ರೀಸ್‌ಕೈ:
ಸಮನಾಗಿದ್ದರೆ ಚಿಂತೆ ಬೇಡ. ಮೂರು ಸಿಲಿಂಡರಿನ ಇಂಜಿನ್ ಉದ್ದಕ್ಕೆ ಈ ತುದಿ ಮೇಲೆ, ಆ ತುದಿ ಕೆಳಗೆ ಅಂತ ತೂಗಾಡಲು ನೋಡುತ್ತೆ, ಅದರ ವಿನ್ಯಾಸವೇ ಹಾಗೆ. ಉರಿಯುವುದೂ ಒಂದು ಸುತ್ತಿಗೆ ಒಂದೂವರೆ ಸಲ ಮಾತ್ರ, ಹಾಗಾಗಿ ಮಿಡಿತ ನಿಧಾನ. ನಿಧಾನದ ಮಿಡಿತವನ್ನು ರಬ್ಬರು ತಡೆಯುವುದು ಕಷ್ಟ. ಮೊದಲ ದಿನ ಇದ್ದಷ್ಟೇ ಇದ್ದರೆ ಅದು ಗಾಡಿಯ ಗುಣ. ಹೆಚ್ಚಾಗುತ್ತಾ ಬಂದರೆ ಮಾತ್ರ ಹುಡುಕಿ.

ರಸ್ತೆಗಣ್ಣು:
ಅಣ್ಣ, ನೀವು ಹೇಳಿದ್ದನ್ನೆಲ್ಲ ನಿನ್ನೆ ಕೂತು ಮಾಡಿದೆ.

ಗುದ್ದು ಎನ್, ಡಿ, ಆರ್ ಮೂರರಲ್ಲೂ ಇದೆ. ಡಿ ಮತ್ತು ಆರ್‌ನಲ್ಲಿ ಜೋರು. ಝುಂ ಡಿ ಗೇರಿನಲ್ಲಿ ತುಂಬಾ ಕೆಟ್ಟದಾಗಿದೆ, ಆರ್‌ನಲ್ಲಿ ಬಹುತೇಕ ಇಲ್ಲವೇ ಇಲ್ಲ, ಎನ್‌ನಲ್ಲಿ ಸ್ವಲ್ಪ. ಆರ್‌ಪಿಎಂ ಎನ್‌ನಲ್ಲಿ 720, ಡಿ ಗೇರಿನಲ್ಲಿ 650, ಎರಡರಲ್ಲೂ ಮುಳ್ಳು ಮೇಲೆ ಕೆಳಗೆ ಸಣ್ಣಗೆ ಅಲುಗುತ್ತೆ. 1,000ಕ್ಕೆ ತಂದರೆ ಝುಂ ಹೋಗುತ್ತೆ, ಗುದ್ದು ಕಡಿಮೆಯಾಗುತ್ತೆ ಆದರೆ ಪೂರ್ತಿ ಹೋಗಲ್ಲ. ಸೈಲೆನ್ಸರ್ ಹತ್ತಿರ ಕೂತು ಕೇಳಿದೆ. ನಾಲ್ಕೈದು ಸೆಕೆಂಡಿಗೊಮ್ಮೆ ಪುಕ್ ಅಂತ ತಪ್ಪುತ್ತೆ. ಒಂದು ಕಾಗದದ ಚೂರನ್ನು ಪೈಪಿನ ಬಾಯಿಗೆ ಹಿಡಿದೆ, ಶಬ್ದ ತಪ್ಪಿದಾಗಲೆಲ್ಲ ಅದು ಒಳಕ್ಕೆ ಎಳೆದ ಹಾಗೆ ಮಾಡುತ್ತೆ.

ಗೆಳೆಯನ ಸ್ಕ್ಯಾನರ್ ಹಾಕಿದೆ. ಪೆಂಡಿಂಗ್ ಕೋಡ್ ಒಂದಿದೆ: ಪಿ0171. ಮಿಸ್‌ಫೈರ್ ಎಣಿಕೆ ನಾಲ್ಕೂ ಸಿಲಿಂಡರಿನಲ್ಲಿ ಹೆಚ್ಚುಕಮ್ಮಿ ಒಂದೇ: 7, 9, 6, 8. ಇನ್ನೂ ಎಷ್ಟೋ ಅಂಕಿ ಬರುತ್ತವೆ, ಯಾವುದನ್ನು ನೋಡಬೇಕು ಅಂತ ತಿಳಿಯಲಿಲ್ಲ.

ತೈಲರೇಖೆ:
ಮಿಸ್‌ಫೈರ್ ನಾಲ್ಕಕ್ಕೂ ಸಮನಾಗಿ ಹಂಚಿದೆ ಅನ್ನುವುದೇ ದೊಡ್ಡ ಮಾಹಿತಿ. ಕಾಯಿಲ್ಲೋ ಪ್ಲಗ್ಗೋ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರೋ ಕೆಟ್ಟಿದ್ದರೆ ಒಂದೇ ಸಿಲಿಂಡರಿನ ಎಣಿಕೆ ಏರುತ್ತಿತ್ತು, ಪಿ0301ರಿಂದ ಪಿ0304ರವರೆಗಿನ ಯಾವುದೋ ಒಂದು ಕೋಡ್ ಬರುತ್ತಿತ್ತು. ಆಗ ಆ ಸಿಲಿಂಡರಿನ ಕಾಯಿಲನ್ನು ಪಕ್ಕದ್ದಕ್ಕೆ ಹಾಕಿ ನೋಡಿದರೆ ಸಾಕಿತ್ತು. ಕಾಯಿಲಿನ ಜೊತೆ ಕೋಡೂ ಪಕ್ಕಕ್ಕೆ ಹೋದರೆ ಕಾಯಿಲೇ ಕಳ್ಳ. ನಿಮ್ಮದು ಹಾಗಲ್ಲ. ನಾಲ್ಕೂ ಸಿಲಿಂಡರಿಗೆ ಸೇರಿದ್ದು ಏನೋ ತಪ್ಪಿದೆ. ಪಿ0171 ಅಂದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಸಾಲದು ಅಂತ.

ಸ್ಕ್ಯಾನರಿನಲ್ಲಿ ಎಲ್‌ಟಿಎಫ್‌ಟಿ, ಎಸ್‌ಟಿಎಫ್‌ಟಿ ಅಂತ ಎರಡು ಸಾಲು ಹುಡುಕಿ. ಫ್ಯೂಯಲ್ ಟ್ರಿಮ್ ಅನ್ನುತ್ತಾರೆ. ಇಸಿಯು (ಇಂಜಿನ್ನಿನ ಕಂಪ್ಯೂಟರ್) ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಹಾಕಬೇಕಾಗಿದೆ ಅನ್ನುವುದನ್ನು ಇವು ತೋರಿಸುತ್ತವೆ. ಎರಡನ್ನೂ ಕೂಡಿ ನೋಡಬೇಕು. ಸೊನ್ನೆಯ ಆಚೀಚೆ 5 ಇದ್ದರೆ ಆರೋಗ್ಯ. 10 ದಾಟಿದರೆ ಏನೋ ಇದೆ. ಐಡಲಿಂಗ್‌ನಲ್ಲಿ ಒಮ್ಮೆ, 2,500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ಇನ್ನೊಮ್ಮೆ ಬರೆದುಕೊಳ್ಳಿ.

ಎರಡು ಕಡೆ ಯಾಕೆ ಅಂದರೆ, ಐಡಲಿಂಗ್‌ನಲ್ಲಿ ಥ್ರಾಟಲ್ (ಗಾಳಿಯ ದಾರಿಯ ಕದ) ಬಹುತೇಕ ಮುಚ್ಚಿರುತ್ತದೆ. ಒಳಗೆ ಎಳೆತ ಜೋರು, ಹೋಗುವ ಗಾಳಿ ತೀರಾ ಕಡಿಮೆ. ಆಗ ಎಲ್ಲೋ ಒಂದು ಸಣ್ಣ ಬಿರುಕಿನಿಂದ ಕದ್ದು ನುಗ್ಗುವ ಗಾಳಿ ಒಟ್ಟು ಗಾಳಿಯಲ್ಲಿ ದೊಡ್ಡ ಪಾಲಾಗುತ್ತದೆ. 2,500ರಲ್ಲಿ ಸರಿಯಾದ ದಾರಿಯಿಂದಲೇ ಬೇಕಾದಷ್ಟು ಗಾಳಿ ಬರುವುದರಿಂದ ಅದೇ ಬಿರುಕು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಐಡಲಿಂಗ್‌ನಲ್ಲಿ ಟ್ರಿಮ್ ಜಾಸ್ತಿಯಿದ್ದು 2,500ರಲ್ಲಿ ಇಳಿದರೆ ಗಾಳಿ ಸೋರಿಕೆ. ಎರಡರಲ್ಲೂ ಜಾಸ್ತಿಯಿದ್ದರೆ ಅಥವಾ ಮೇಲೆ ಹೋದಷ್ಟೂ ಏರಿದರೆ ಪೆಟ್ರೋಲ್ ಪಂಪ್, ಫಿಲ್ಟರ್, ಇಲ್ಲವೇ ಗಾಳಿ ಅಳೆಯುವ ಸೆನ್ಸರನ್ನು ಅನುಮಾನಿಸಬೇಕು.

ಈ ಲೆಕ್ಕ ನಡೆಯುವುದು ಏರ್ ಫಿಲ್ಟರ್ ಡಬ್ಬಿ ದಾಟಿದ ಕೂಡಲೇ ಪೈಪಿನಲ್ಲಿ ಏರ್‌ಫ್ಲೋ ಸೆನ್ಸರ್ ಇರುವ ಗಾಡಿಗಳಲ್ಲಿ. ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ) ಒತ್ತಡವನ್ನಷ್ಟೇ ಅಳೆದು ಲೆಕ್ಕ ಹಾಕುವ ಗಾಡಿಗಳಲ್ಲಿ ಕದ್ದು ಬಂದ ಗಾಳಿಯೂ ಲೆಕ್ಕಕ್ಕೆ ಸೇರಿಬಿಡುತ್ತದೆ, ಟ್ರಿಮ್ ಹೆಚ್ಚು ಏರುವುದಿಲ್ಲ, ಬದಲಿಗೆ ಐಡಲಿಂಗ್ ಆರ್‌ಪಿಎಂ ಏರುತ್ತದೆ. ನಿಮ್ಮದು ಯಾವುದು ಅಂತ ಮೊದಲು ನೋಡಿ.

ಟಾಪ್‌ಗೇರ್77:
ಇಷ್ಟೆಲ್ಲ ಯಾಕೆ? ಥ್ರಾಟಲ್ ಬಾಡಿ ಬಿಚ್ಚಿ ಕ್ಲೀನರ್ ಹೊಡೆದು ಒರೆಸಿದರೆ ಅರ್ಧ ಗಾಡಿಗಳ ಐಡಲಿಂಗ್ ಸರಿಹೋಗುತ್ತೆ. ಅರ್ಧ ಗಂಟೆ ಕೆಲಸ.

ತೈಲರೇಖೆ:
ಥ್ರಾಟಲ್ ಮಸಿ ಹಿಡಿದಿದ್ದರೂ ಐಡಲಿಂಗ್ ಕೆಡುತ್ತದೆ, ನಿಜ. ಆದರೆ ಅದರಿಂದ ಈ ಕೋಡ್ ಬರುವುದು ಕಷ್ಟ. ಮಸಿ ಇದ್ದರೆ ಬರುವ ಗಾಳಿ ಕಡಿಮೆಯಾಗುತ್ತದೆ, ಆದರೆ ಬಂದದ್ದೆಲ್ಲ ಸೆನ್ಸರಿನ ಎದುರಿಂದಲೇ ಬರುತ್ತದೆ, ಲೆಕ್ಕ ತಪ್ಪುವುದಿಲ್ಲ. ಇನ್ನೊಂದು ಮಾತು: ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲಿನ ತಟ್ಟೆಯನ್ನು ಇಗ್ನಿಷನ್ ಆನ್ ಇರುವಾಗ ಬೆರಳಿನಿಂದ ತಳ್ಳಬೇಡಿ. ಮೋಟಾರ್ ತಿರುಗಿಸಿದರೆ ಬೆರಳು ಸಿಕ್ಕಿಕೊಳ್ಳುತ್ತದೆ, ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲೂ ಮುರಿಯಬಹುದು. ಒರೆಸಿದ ಮೇಲೆ ಎಷ್ಟೋ ಗಾಡಿಗಳಿಗೆ ಐಡಲಿಂಗ್ ಮತ್ತೆ ಕಲಿಸಬೇಕಾಗುತ್ತದೆ, ಇಲ್ಲದಿದ್ದರೆ ಆರ್‌ಪಿಎಂ ಏರಿಯೇ ಕೂತಿರುತ್ತದೆ.

ರಸ್ತೆಗಣ್ಣು:
ಏರ್‌ಫ್ಲೋ ಸೆನ್ಸರ್ ಇದೆ, ಡಬ್ಬಿಯ ಪಕ್ಕದ ಪೈಪಿನಲ್ಲೇ. ಎರಡೂ ಟ್ರಿಮ್ ಕೂಡಿದರೆ ಐಡಲಿಂಗ್‌ನಲ್ಲಿ 19, 2,500ರಲ್ಲಿ 4. ಇದನ್ನು ಬರೆಯುವಾಗ ಒಂದು ತಿಂಗಳಲ್ಲಿ ಮೊದಲ ಸಲ ಏನೋ ಹಿಡಿತಕ್ಕೆ ಸಿಕ್ಕ ಹಾಗೆ ಅನ್ನಿಸುತ್ತಿದೆ. ಈಗ ಸೋರಿಕೆ ಎಲ್ಲಿ ಹುಡುಕಲಿ ಮೇಡಂ?

ತೈಲರೇಖೆ:
ಇಷ್ಟು ಚೆನ್ನಾಗಿ ಅಂಕಿ ಬರೆದುಕೊಂಡಿದ್ದೀರಿ, ಸಂತೋಷ. ಸೆನ್ಸರ್ ದಾಟಿದ ಮೇಲೆ ಸಿಲಿಂಡರ್ ಹೆಡ್‌ವರೆಗೆ ಗಾಳಿ ನುಗ್ಗಬಹುದಾದ ಜಾಗವೆಲ್ಲ ನಿಮ್ಮ ಸೀಮೆ. ಸೆನ್ಸರಿನಿಂದ ಥ್ರಾಟಲಿಗೆ ಬರುವ ಮಡಿಕೆ ಪೈಪಿನ ಸುಕ್ಕುಗಳನ್ನು ಬಗ್ಗಿಸಿ ನೋಡಿ. ಬ್ರೇಕ್ ಬೂಸ್ಟರಿನ ಹೋಸ್, ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಆಯಿಲ್ ಡಿಪ್‌ಸ್ಟಿಕ್ ಮತ್ತು ಆಯಿಲ್ ಮುಚ್ಚಳದ ರಬ್ಬರ್ ಕೂಡ. ಮ್ಯಾನಿಫೋಲ್ಡಿನ ಒಂದು ಕೊಂಬೆಯ ಗ್ಯಾಸ್ಕೆಟ್ ಸೋರಿದ್ದರೆ ಆ ಸಿಲಿಂಡರಿಗೆ ಮಾತ್ರ ಪೆಟ್ಟು ಬೀಳುತ್ತಿತ್ತು. ನಿಮ್ಮಲ್ಲಿ ನಾಲ್ಕಕ್ಕೂ ಸಮ, ಹಾಗಾಗಿ ಗಾಳಿ ಎಲ್ಲರಿಗೂ ಹಂಚಿಹೋಗುವ ಜಾಗದಲ್ಲಿ, ಥ್ರಾಟಲಿನ ಆಸುಪಾಸಿನಲ್ಲಿ ಸೇರುತ್ತಿದೆ ಅನ್ನುವುದು ನನ್ನ ಊಹೆ. ಮೊದಲು ಪಿಸಿವಿ ಹೋಸ್ ನೋಡಿ, ಇಂಜಿನ್ನಿನ ಅಡಿಭಾಗವಾದ ಕ್ರ್ಯಾಂಕ್‌ಕೇಸಿನಿಂದ ಮ್ಯಾನಿಫೋಲ್ಡಿಗೆ ಬರುವುದು. ಆಯಿಲ್ ಹಬೆ ಕುಡಿದು ಕುಡಿದು ಆ ರಬ್ಬರ್ ಮೆತ್ತಗಾಗಿ ಸೀಳುತ್ತದೆ.

ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಳೆಯುವ ಪರ್ಜ್ ವಾಲ್ವ್ ಮುಚ್ಚದೆ ಕೂತರೂ ಐಡಲಿಂಗ್ ಕೆಡುತ್ತದೆ, ಹೆಚ್ಚಾಗಿ ಪೆಟ್ರೋಲ್ ತುಂಬಿಸಿದ ಕೂಡಲೇ. ಅದರ ಹೋಸನ್ನು ಇಕ್ಕಳದಲ್ಲಿ ಮೆಲ್ಲಗೆ ಹಿಸುಕಿ ನೋಡಿ. ಇಂಜಿನ್ ಸಮನಾದರೆ ಅದೇ.

ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುವುದು ಗ್ಯಾರೇಜುಗಳಲ್ಲಿ ಸಾಮಾನ್ಯ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಮನೆಯಲ್ಲಿ ದಯವಿಟ್ಟು ಬೇಡ. ಒಂದು ಮೀಟರ್ ಉದ್ದದ ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಗೆ, ಇನ್ನೊಂದನ್ನು ಹೋಸುಗಳ ಉದ್ದಕ್ಕೂ ಆಡಿಸಿ. ಬೆಲ್ಟಿಗೂ ಫ್ಯಾನಿಗೂ ದೂರ ಇರಲಿ. ಅದರಲ್ಲೂ ಸಿಗದಿದ್ದರೆ ಹೊಗೆ ಬಿಟ್ಟು ಹುಡುಕುವ ಯಂತ್ರ ಇರುವ ಗ್ಯಾರೇಜಿಗೆ ಹೋಗಿ.

ರಸ್ತೆಗಣ್ಣು:
ಸಿಕ್ಕಿತು!

ಪರ್ಜ್ ಹೋಸ್ ಹಿಸುಕಿದೆ, ಬದಲಾವಣೆ ಇಲ್ಲ. ಬೂಸ್ಟರ್ ಹೋಸ್ ಗಟ್ಟಿಯಾಗಿದೆ. ಆಮೇಲೆ ಮೇಡಂ ಹೇಳಿದ ಹಾಗೆ ಕಿವಿಗೆ ಟ್ಯೂಬ್ ಹಿಡಿದು ಹೊರಟೆ. ಮೇಲೆಲ್ಲ ಇಂಜೆಕ್ಟರಿನ ಟಿಕ್ ಟಿಕ್ ಮಾತ್ರ. ಮ್ಯಾನಿಫೋಲ್ಡಿನ ಅಡಿಗೆ ಟ್ಯೂಬ್ ಇಳಿಸಿದ ಕೂಡಲೇ ಸುಯ್ ಅಂತ ಒಂದೇ ಸಮನೆ ಶಬ್ದ. ಟ್ಯೂಬ್ ಎರಡು ಬೆರಳು ಆಚೆ ಸರಿಸಿದರೆ ಇಲ್ಲ, ಈಚೆ ತಂದರೆ ಇದೆ.

ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಕೈ ಹಾಕಿ ಅಲ್ಲಿದ್ದ ಪಿಸಿವಿ ಹೋಸ್ ಬಿಚ್ಚಿದೆ. ಹೆಬ್ಬೆರಳು ದಪ್ಪ, ಎಲ್ ಆಕಾರಕ್ಕೆ ಬಾಗಿದ ರಬ್ಬರ್. ಮೇಲಿನಿಂದ ನೋಡಿದರೆ ಏನೂ ಆಗಿಲ್ಲ. ತಿರುಗಿಸಿ ಬಾಗಿದ ಜಾಗವನ್ನು ಸ್ವಲ್ಪ ಹಿಗ್ಗಿಸಿದರೆ ಮೀನಿನ ಬಾಯಿಯ ಹಾಗೆ ತೆರೆಯಿತು, ಉಗುರಿನಷ್ಟು ಉದ್ದದ ಸೀಳು. ಒಳಗೆ ಬೆರಳಾಡಿಸಿದರೆ ರಬ್ಬರ್ ಅಂಟಂಟು, ಕಪ್ಪು ಬೆರಳಿಗೆ ಹತ್ತಿಕೊಂಡಿತು. ಗ್ಯಾರೇಜಿನವರು ಮೇಲಿನಿಂದ ಟಾರ್ಚ್ ಬಿಟ್ಟು ನೋಡಿದ್ದರೆ ಖಂಡಿತ ಕಾಣುತ್ತಿರಲಿಲ್ಲ.

ಹೊಸ ಹೋಸ್ ಹಾಕಿ, ಕೋಡ್ ಅಳಿಸಿ, ಒಂದು ಗಂಟೆ ಓಡಿಸಿ ಬಂದೆ. ಗುದ್ದು ಪೂರ್ತಿ ಹೋಗಿದೆ. ಮುಳ್ಳು ಅಲುಗದೆ 700ರಲ್ಲಿ ನಿಂತಿದೆ. ಸೈಲೆನ್ಸರ್ ಶಬ್ದ ಒಂದೇ ಸಮ. ಆದರೆ ಡಿ ಗೇರಿನ ಝುಂ ಕದಲಿಲ್ಲ.

ಗ್ರೀಸ್‌ಕೈ:
ಭಲೇ. ಈಗ ಉಳಿದದ್ದು ಮೌಂಟ್ ಮಾತ್ರ. ಇಂಜಿನ್ ಸಮನಾಗಿದೆ ಅಂತ ಖಾತ್ರಿಯಾದ ಮೇಲೆ ಮೌಂಟಿಗೆ ಕೈ ಹಾಕುವುದೇ ಸರಿಯಾದ ಕ್ರಮ.

ಡಿ ಗೇರಿನಲ್ಲಿ ಕೆಟ್ಟದು, ಆರ್‌ನಲ್ಲಿ ಇಲ್ಲವೇ ಇಲ್ಲ ಅಂತ ಬರೆದಿದ್ದಿರಿ. ಡಿ ಗೇರಿಗೆ ಹಾಕಿದಾಗ ಇಂಜಿನ್ ಒಂದು ಕಡೆಗೆ ವಾಲುತ್ತೆ, ಆರ್‌ಗೆ ಹಾಕಿದಾಗ ಅದರ ವಿರುದ್ಧ ಕಡೆಗೆ. ಒಂದು ಕಡೆ ವಾಲಿದಾಗ ಮಾತ್ರ ಝುಂ ಅಂದರೆ, ಆ ಕಡೆಗೆ ರಬ್ಬರಿಗೆ ಆಡಲು ಜಾಗವೇ ಉಳಿದಿಲ್ಲ ಅಂತ ಅರ್ಥ. ರಬ್ಬರ್ ತುದಿಗೆ ಒತ್ತಿಕೊಂಡು ಕಲ್ಲಾದಾಗ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಹಾಗೆಯೇ, ಸೆಕೆಂಡಿಗೆ 22 ಮಿಡಿತವೂ ನೇರ ಬಾಡಿಗೆ.

ಹಳೆಯ ಮೌಂಟ್ ಹರಿದಿದ್ದರೂ ಹೀಗಾಗುತ್ತೆ. ಆದರೆ ನಿಮ್ಮಲ್ಲಿ ಇದು ಮೌಂಟ್ ಬದಲಿಸಿದ ದಿನದಿಂದ ಶುರುವಾದದ್ದು. ಮೌಂಟ್ ಹಾಕುವಾಗ ಇಂಜಿನ್ನನ್ನು ಜಾಕ್ ಮೇಲೆ ಎತ್ತಿ ಹಿಡಿದಿರುತ್ತಾರೆ. ಆ ಎತ್ತಿದ ಸ್ಥಿತಿಯಲ್ಲೇ ಬೋಲ್ಟ್ ಬಿಗಿದು ಜಾಕ್ ಇಳಿಸಿದರೆ ರಬ್ಬರ್ ತಿರುಚಿಕೊಂಡೇ ಕೂರುತ್ತೆ. ಹೊಸದೇ ಆಗಿದ್ದರೂ ಹುಟ್ಟುವಾಗಲೇ ದಣಿದ ಹಾಗೆ. ಇನ್ನೊಂದು ಸಾಧ್ಯತೆ, ಮೂಲದಲ್ಲಿ ದ್ರವ ತುಂಬಿದ ಹೈಡ್ರಾಲಿಕ್ ಮೌಂಟ್ ಇದ್ದು ಅದರ ಜಾಗಕ್ಕೆ ಬರೀ ಗಟ್ಟಿ ರಬ್ಬರಿನದು ಹಾಕಿರುವುದು. ಹಳೆಯದು ನಿಮ್ಮ ಹತ್ತಿರ ಇದ್ದರೆ ನೋಡಿ, ಒದ್ದೆಯಾಗಿ ಎಣ್ಣೆ ಸೋರಿದ ಗುರುತು ಇದ್ದರೆ ಅದು ಹೈಡ್ರಾಲಿಕ್.

ಮೊದಲು ಖರ್ಚಿಲ್ಲದ ದಾರಿ. ಆಯಿಲ್ ಸಂಪಿನ (ಇಂಜಿನ್ನಿನ ತಳದ ಆಯಿಲ್ ತಟ್ಟೆಯ) ಅಡಿ ಅಗಲವಾದ ಮರದ ಹಲಗೆ ಇಟ್ಟು ಜಾಕ್ ತಾಗಿಸಿ, ಎತ್ತಬೇಡಿ, ಭಾರ ಹಿಡಿದರೆ ಸಾಕು. ಬಲ ಮೌಂಟ್, ಗೇರ್‌ಬಾಕ್ಸ್ ಮೌಂಟ್, ಇಂಜಿನ್ ವಾಲದ ಹಾಗೆ ಹಿಡಿಯುವ ಕೆಳಗಿನ ಟಾರ್ಕ್ ರಾಡ್, ಮೂರರ ಬೋಲ್ಟನ್ನೂ ಸಡಿಲಿಸಿ, ಹೊರಗೆ ತೆಗೆಯಬೇಡಿ. ಜಾಕನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಇಂಜಿನ್ನನ್ನು ಕೈಯಿಂದ ಹಿಂದೆ ಮುಂದೆ ನಾಲ್ಕು ಸಲ ತೂಗಿ. ತನ್ನ ಜಾಗಕ್ಕೆ ಅದೇ ಬಂದು ಕೂರುತ್ತೆ. ಆಮೇಲೆ ಮೇಲಿನ ಎರಡು ಮೌಂಟ್ ಬಿಗಿದು, ಟಾರ್ಕ್ ರಾಡನ್ನು ಕಡೆಯಲ್ಲಿ. ಎಷ್ಟು ಬಿಗಿಯಬೇಕು ಅನ್ನುವುದು ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತೆ, ಟಾರ್ಕ್ ರೆಂಚ್ ಬಳಸಿ. ಕೆಲವು ಗಾಡಿಗಳಲ್ಲಿ ಈ ಬೋಲ್ಟುಗಳನ್ನು ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು, ಅದನ್ನೂ ನೋಡಿಕೊಳ್ಳಿ. ಅಭ್ಯಾಸ ಇಲ್ಲದಿದ್ದರೆ ಗ್ಯಾರೇಜಿನಲ್ಲಿ ಪಕ್ಕದಲ್ಲಿ ನಿಂತು ಮಾಡಿಸಿ.

ಬೆಳಗಿನಹೊಗೆ:
ಈ ಚರ್ಚೆ ಓದಿ ಧೈರ್ಯ ಬಂದು ಕೇಳುತ್ತಿದ್ದೇನೆ. ನನ್ನದು ಡೀಸೆಲ್. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಎರಡು ನಿಮಿಷ ಗಡಗಡ ನಡುಗುತ್ತೆ, ಬಿಳಿ ಹೊಗೆ ಬರುತ್ತೆ. ಬಿಸಿಯಾದ ಮೇಲೆ ಎಲ್ಲ ಸರಿ.

ತೈಲರೇಖೆ:
ಬಿಸಿಯಾದ ಮೇಲೆ ಪೂರ್ತಿ ಸರಿಹೋಗುತ್ತದೆ ಅಂದರೆ ಸಿಲಿಂಡರನ್ನು ಮೊದಲೇ ಬಿಸಿಮಾಡುವ ಗ್ಲೋ ಪ್ಲಗ್ ಮೊದಲು ನೋಡಿ. ತಣ್ಣಗಿನ ಸಿಲಿಂಡರಿನಲ್ಲಿ ಡೀಸೆಲ್ ಹೊತ್ತಿಕೊಳ್ಳದೆ ಹಬೆಯಾಗಿ ಹೊರಬೀಳುವುದೇ ಆ ಬಿಳಿ ಹೊಗೆ. ಒಂದು ಗ್ಲೋ ಪ್ಲಗ್ ಸತ್ತಿದ್ದರೂ ಆ ಸಿಲಿಂಡರ್ ಬಿಸಿಯಾಗುವವರೆಗೆ ಕುಂಟುತ್ತದೆ. ವಯರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಪ್ಲಗ್ಗಿನ ತುದಿಯಿಂದ ಇಂಜಿನ್ ಬಾಡಿಗೆ ರೆಸಿಸ್ಟೆನ್ಸ್ ಅಳೆಯಿರಿ. ಒಳ್ಳೆಯದು ಒಂದೆರಡು ಓಮ್ ಅಥವಾ ಅದಕ್ಕೂ ಕಡಿಮೆ ತೋರಿಸುತ್ತದೆ, ಸತ್ತದ್ದು ತಂತಿ ಕಡಿದ ಹಾಗೆ ಅಳತೆಯನ್ನೇ ತೋರಿಸುವುದಿಲ್ಲ. ಬಿಚ್ಚುವಾಗ ಮಾತ್ರ ಎಚ್ಚರ, ಹೆಡ್‌ನಲ್ಲಿ ಅಂಟಿಕೊಂಡು ಮುರಿದರೆ ಕೆಲಸ ದೊಡ್ಡದಾಗುತ್ತದೆ. ಎಲ್ಲ ಪ್ಲಗ್ಗೂ ಸರಿಯಿದ್ದರೆ ಇಂಜೆಕ್ಟರ್ ಕರೆಕ್ಷನ್ ಅಂಕಿ ನೋಡಿ, ಆಮೇಲೆ ಕಂಪ್ರೆಷನ್. ನೀವು ಬೇರೆ ಚರ್ಚೆ ಶುರು ಮಾಡಿ ಅಂಕಿಗಳನ್ನು ಹಾಕಿ, ಅಲ್ಲಿ ಮುಂದುವರಿಸೋಣ.

ರಸ್ತೆಗಣ್ಣು:
ಇವತ್ತು ಮಾಡಿಸಿದೆ. ಬೇರೆ ಗ್ಯಾರೇಜಿನಲ್ಲಿ, ಪಕ್ಕದಲ್ಲೇ ನಿಂತು. ಅಣ್ಣ ಬರೆದದ್ದನ್ನು ಓದಿ ಹೇಳಿದೆ, ಅವರೂ ಒಪ್ಪಿ ಅದೇ ಕ್ರಮದಲ್ಲಿ ಮಾಡಿದರು.

ಬಲ ಮೌಂಟಿನ ಬೋಲ್ಟ್ ಸಡಿಲಿಸುತ್ತಿದ್ದ ಹಾಗೆ ಟಕ್ ಅಂತ ಶಬ್ದ ಬಂದು ಇಂಜಿನ್ ಕಣ್ಣಿಗೆ ಕಾಣುವಷ್ಟು ಸರಿಯಿತು. ಬೋಲ್ಟ್ ಮೊದಲು ಕೂತಿದ್ದ ಜಾಗದಲ್ಲಿ ಹೊಳೆಯುವ ಗುರುತು ಇತ್ತು, ಈಗ ಕೂತಿರುವುದು ಅದರಿಂದ ಅರ್ಧ ಬೆರಳು ಹಿಂದೆ. ಟಾರ್ಕ್ ರಾಡಿನ ಬುಷ್ ಹರಿದಿಲ್ಲ, ಒಂದು ಕಡೆಗೆ ಒತ್ತಿ ಬಾಗಿತ್ತು ಅಷ್ಟೆ. ಸಡಿಲಿಸಿದ ಮೇಲೆ ನೆಟ್ಟಗಾಯಿತು. ಹಳೆಯ ಮೌಂಟನ್ನೂ ತೋರಿಸಿದೆ. ಅದೂ ಬರೀ ರಬ್ಬರಿನದೇ, ಹರಿದಿರಲೇ ಇಲ್ಲ.

ಡಿ ಗೇರಿನಲ್ಲಿ ಎಸಿ ಹಾಕಿ ನಿಂತೆ. ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಪ್ಲೇಟ್ ಓದಲು ಆಗುತ್ತಿದೆ. ಎಸಿ ಕಂಪ್ರೆಸರ್ ಹಿಡಿಯುವಾಗ ಮುಳ್ಳು ಒಂದು ಕೂದಲಷ್ಟು ಇಳಿದು ಮತ್ತೆ ಏರುತ್ತೆ. ಟ್ರಿಮ್ ಐಡಲಿಂಗ್‌ನಲ್ಲಿ 3, 2,500ರಲ್ಲಿ 2. ಪೆಂಡಿಂಗ್ ಕೋಡ್ ಇಲ್ಲ.

ಗ್ರೀಸ್‌ಕೈ ಅಣ್ಣನಿಗೂ ತೈಲರೇಖೆ ಮೇಡಂಗೂ ಮನಸಾರೆ ಧನ್ಯವಾದ. 500 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಟ್ರಿಮ್ ನೋಡಿ ಇಲ್ಲೇ ಬರೆಯುತ್ತೇನೆ.

ಗ್ರೀಸ್‌ಕೈ:
ಆಗ ಹೋಸಿನ ಎರಡೂ ತುದಿಯ ಕ್ಲಿಪ್ಪನ್ನು ಮುಟ್ಟಿ ನೋಡಿ, ಮೌಂಟ್ ಬೋಲ್ಟುಗಳಿಗೂ ಒಮ್ಮೆ ರೆಂಚ್ ಹಾಕಿ ಬಿಗಿ ನೋಡಿಸಿ.

ರಸ್ತೆಗಣ್ಣು:
640 ಕಿ.ಮೀ. ಆಯಿತು. ಟ್ರಿಮ್ ಐಡಲಿಂಗ್‌ನಲ್ಲಿ 2, ಮೇಲೆ 2. ಮಿಸ್‌ಫೈರ್ ಎಣಿಕೆ ನಾಲ್ಕಕ್ಕೂ 0. ಬೋಲ್ಟುಗಳು ಬಿಗಿಯಾಗಿವೆ, ಕ್ಲಿಪ್ ಗಟ್ಟಿಯಾಗಿದೆ.